ಬಿಟ್ಟ ನಾಲ್ಕು ಹಾಡುಗಳು

ಫೆಬ್ರುವರಿ 4

ಅಣ್ಣ,

ಅಮ್ಮ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ. ಕುಶಲ ಮುಗಿಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ನಿಮ್ಮ ತಂಡದ ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಕಾಲ ಬುಡದಲ್ಲಿ, ವೇದಿಕೆಯ ಹಲಗೆಗೆ ಅಂಟಿಸಿದ ಹಾಡಿನ ಪಟ್ಟಿಯನ್ನು ಯಾರಾದರೂ ಕಿತ್ತುಕೊಂಡು ಹೋಗುತ್ತಾರಲ್ಲ, ಅಂಥ ಪಟ್ಟಿಗಳು ನಮ್ಮ ಕೇಳುಗರ ಬಳಗದ ಕೈಯಲ್ಲಿ ಈಗ ಒಂಬತ್ತಿವೆ. ಒಂಬತ್ತು ಊರಿನವು. ಭಾನುವಾರ ಟೈಲರಣ್ಣನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎಲ್ಲವನ್ನೂ ಹರಡಿ ನೋಡಿದೆವು. ಡಿಸೆಂಬರ್‌ವರೆಗೆ ಪ್ರತಿ ಊರಿನಲ್ಲೂ ಇದ್ದ ನಾಲ್ಕು ಹಾಡುಗಳು ಜನವರಿಯಿಂದ ಒಂದೂರಿನಲ್ಲೂ ಇಲ್ಲ. ಗೇಟಿನ ಹಾಡು, ಜೈಲಿನ ಹಾಡು, ಗಡಿಯಾರದ ಹಾಡು, ಮತ್ತು ಜೋಗುಳ.

ಜನವರಿಯಿಂದ ಬದಲಾಗಿರುವುದು ಇನ್ನೊಂದಿದೆ. ನಿಮ್ಮ ಬೆನ್ನ ಹಿಂದೆ ಸಿಮೆಂಟ್ ಕಂಪನಿಯ ಬ್ಯಾನರ್ ಬಂದಿದೆ.

ನಾನು ದಿನಕ್ಕೆ ಎಂಟು ಗಂಟೆ ದೀಪದ ಮುಂದೆ ಕೂತು, ಸಾಲಾಗಿ ಹಾದುಹೋಗುವ ಬಾಟಲಿಗಳಲ್ಲಿ ಬಿರುಕು ಹುಡುಕುವವಳು. ಬಿರುಕು ಕಂಡರೆ ಎತ್ತಿಡಬೇಕು, ಮುಲಾಜು ನೋಡಬಾರದು. ಅದೊಂದೇ ನನಗೆ ಗೊತ್ತಿರುವ ವಿದ್ಯೆ.

ಹನ್ನೊಂದು ವರ್ಷದ ಹಿಂದೆ ಮಿಲ್ಲಿನ ಗೇಟು ಮುಚ್ಚಿದಾಗ ಗೇಟಿನ ಹಾಡು ಹುಟ್ಟಿತು. ನಿಮ್ಮ ಮೇಷ್ಟ್ರು ಆಗ ನಿಜವಾಗಿಯೂ ಶಾಲೆಯ ಮೇಷ್ಟ್ರು. ಡೋಲಿನಂಥ ಎದೆಯಿಂದ ಮೈಕಿಲ್ಲದೆ ಹಾಡಿದರು. ಪಕ್ಕದಲ್ಲಿ ನೀನು ಗಿಟಾರ್ ಹಿಡಿದು ನಿಂತಿದ್ದೆ. ನಾನು ಅಪ್ಪನ ಕೈ ಹಿಡಿದುಕೊಂಡು ಹೊರಗೆ ನಿಂತಿದ್ದೆ. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೊಂದು ಸಲ.

ಏಪ್ರಿಲ್ 12ಕ್ಕೆ ನೀವು ನಮ್ಮೂರಿಗೆ ಬರುತ್ತೀರಿ. ಹಾಡು ಬಿಡಿಸಿದ್ದು ಯಾರು ಎಂದು ಅಷ್ಟರೊಳಗೆ ತಿಳಿಯಬೇಕು. ತಿಳಿಯದಿದ್ದರೆ ಮಾರ್ಚ್ 20ರ ನಮ್ಮ ಕರಪತ್ರದಲ್ಲಿ ನಮಗೆ ಅನಿಸಿದ್ದನ್ನು ಅಚ್ಚು ಹಾಕುತ್ತೇವೆ. ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲಿ ವೇದಿಕೆಗೆ ಬೆನ್ನು ಹಾಕಿ ನಿಲ್ಲುತ್ತೇವೆ. ನೀನು ನನ್ನ ಅಣ್ಣ ಎಂದು ನನ್ನ ಬೆನ್ನಿಗೆ ಗೊತ್ತಾಗುವುದಿಲ್ಲ.

ನಿನ್ನ ತಂಗಿ


ಫೆಬ್ರುವರಿ 13

ಲಾಯರಮ್ಮನವರ ಸನ್ನಿಧಾನಕ್ಕೆ,

ನಿಮ್ಮ ಸಮನ್ಸ್ ತಲುಪಿತು. ಆರೋಪಿಯು ಬಿಸಿನೀರಿಲ್ಲದ ಲಾಡ್ಜಿನಲ್ಲಿದ್ದಾನೆ, ದಯೆ ಇರಲಿ.

ಪುಟ್ಟಿ, ಪಟ್ಟಿ ಹೇಗೆ ಹುಟ್ಟುತ್ತದೆ ಹೇಳುತ್ತೇನೆ ಕೇಳು. ಮೇಷ್ಟ್ರು ಗಡ್ಡ ಹೆರೆಯುತ್ತಾ ಹೇಳುತ್ತಾರೆ, ಡ್ರಮ್ಮಿನವನು ಲಾಂಡ್ರಿ ಚೀಟಿಯ ಹಿಂಬದಿಯಲ್ಲಿ ಬರೆಯುತ್ತಾನೆ. ಮೊದಲ ಎರಡು ಹಾಡು ಜನರಿಗಲ್ಲ, ಮೈಕಿನವನಿಗೆ. ಅವನು ಅಷ್ಟರಲ್ಲಿ ಸದ್ದು ಹದಮಾಡಿಕೊಳ್ಳಬೇಕು. ಐದನೆಯದಾದ ಮೇಲೆ ಮೇಷ್ಟ್ರು ಒಂದು ಕಥೆ ಹೇಳುತ್ತಾರಲ್ಲ, ಅದು ನಾನು ತಂತಿಗಳ ಶ್ರುತಿ ಬದಲಿಸುವ ಹೊತ್ತು. ಎಂಟನೆಯ ಹಾಡಿನಲ್ಲಿ ಡ್ರಮ್ ಇಲ್ಲ, ಯಾಕೆಂದರೆ ಡ್ರಮ್ಮಿನವನಿಗೆ ಸಕ್ಕರೆ ಕಾಯಿಲೆ, ಅವನು ಹೊರಗೆ ಹೋಗಿ ಬರಬೇಕು. ಹೋದ ವರ್ಷ ನಿಮ್ಮ ಕರಪತ್ರ ಅದನ್ನು 'ಎಂಟನೆಯ ಹಾಡಿನ ಮೌನ ಪ್ರತಿಭಟನೆ' ಎಂದು ಹೊಗಳಿತ್ತು. ಅವನು ಅದನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾನೆ. ಹೊರಗೆ ಹೋಗುವಾಗಲೆಲ್ಲ "ಪ್ರತಿಭಟನೆಗೆ ಹೋಗ್ಬರ್ತೀನಿ ಕಣ್ರೋ" ಅನ್ನುತ್ತಾನೆ.

ನೀವು ಪಟ್ಟಿಯನ್ನು ಶಾಸನದ ಹಾಗೆ ಓದುತ್ತೀರಿ. ಅದು ನಮಗೆ ಸಂತೆಯ ಚೀಟಿ.

ಆ ನಾಲ್ಕು ಹಾಡಿಗೆ ಕಾರಣ ಮೇಷ್ಟ್ರ ಗಂಟಲು. ವಯಸ್ಸಾಯಿತು. ಅಷ್ಟೇ. ಬ್ಯಾನರಿಗೂ ಅದಕ್ಕೂ ಸಂಬಂಧವಿಲ್ಲ.

ಅಮ್ಮನ ಕನ್ನಡಕದ ಕಾಲು ಮುರಿದಿತ್ತಲ್ಲ, ಸರಿಮಾಡಿಸಿದೆಯಾ?

ಅಣ್ಣ


ಫೆಬ್ರುವರಿ 21

ಅಣ್ಣ,

ಕನ್ನಡಕ ಸರಿಯಾಗಿದೆ. ನಿನ್ನ ಉತ್ತರ ಸರಿಯಾಗಿಲ್ಲ.

ಮೇಷ್ಟ್ರ ಗಂಟಲಿಗೆ ವಯಸ್ಸಾಗಿದ್ದರೆ ಹದ್ದಿನ ಹಾಡನ್ನು ದಿನವೂ ಹೇಗೆ ಹಾಡುತ್ತಿದ್ದಾರೆ? ನಿಮ್ಮ ಹಾಡುಗಳಲ್ಲೆಲ್ಲ ಅದರಷ್ಟು ಮೇಲಕ್ಕೆ ಹೋಗುವುದು ಬೇರೊಂದಿಲ್ಲ. ಬಂದರಿನ ಊರಿನಲ್ಲಿ ಜನ ಕೇಳಿದರೆಂದು ಅದನ್ನೇ ಎರಡು ಸಲ ಹಾಡಿದರಂತೆ. ನೀನು ಸುಳ್ಳು ಹೇಳಿದ್ದೀಯ. ಸುಳ್ಳು ಹೇಳಬೇಕಾಗಿ ಬಂದಿದೆ ಎಂದರೆ ಸತ್ಯ ಬೇರೆ ಇದೆ.

ಇನ್ನೊಂದು ಮಾತು. ರೈಲ್ವೆ ಕಾರ್ಖಾನೆಯ ಊರಿನಲ್ಲಿ ನಮ್ಮ ಬಳಗದವರೊಬ್ಬರು ಸಭಾಂಗಣದ ವಾಚ್‌ಮನ್ನನ್ನು ಮಾತಾಡಿಸಿದ್ದಾರೆ. ಮಧ್ಯಾಹ್ನ, ಖಾಲಿ ಕುರ್ಚಿಗಳ ಮುಂದೆ, ಗೇಟಿನ ಹಾಡಿನ ಶುರುವನ್ನು ಯಾರೋ ಬಾರಿಸುತ್ತಿದ್ದರಂತೆ. ಬಾರಿಸುವುದು, ನಿಲ್ಲಿಸುವುದು, ಮತ್ತೆ ಬಾರಿಸುವುದು. "ಹನ್ನೊಂದು ಸಲ ಆಯ್ತಮ್ಮ, ನಾನೇ ಎಣಿಸ್ದೆ, ನಂಗೇ ತಲೆ ಚಿಟ್ಟು ಹಿಡೀತು," ಅಂದನಂತೆ. ಅಂದರೆ ಹಾಡು ಸತ್ತಿಲ್ಲ. ಮಧ್ಯಾಹ್ನ ಬದುಕಿರುತ್ತದೆ, ಸಂಜೆ ಜನ ಬರುವಷ್ಟರಲ್ಲಿ ಅದರ ಬಾಯಿ ಕಟ್ಟುತ್ತೀರಿ. ಕಂಪನಿಯ ಜಾಹೀರಾತಿಗಾಗಿ ಅದರ ಶುರುವನ್ನಷ್ಟೇ ರೆಕಾರ್ಡ್ ಮಾಡುತ್ತಿದ್ದೀರೋ ಎಂಬುದು ಟೈಲರಣ್ಣನ ಗುಮಾನಿ. ನನಗೂ ಹಾಗೇ ಅನಿಸುತ್ತದೆ.

ಜೋಗುಳ ಯಾಕೆ ಹೋಯಿತು ಎಂದು ಬಳಗದಲ್ಲಿ ಒಬ್ಬಳು ಕೇಳಿದಳು. ಅದರಲ್ಲಿ ಧಣಿಯೂ ಇಲ್ಲ, ಗೇಟೂ ಇಲ್ಲ, ಬರೀ ಮಗು ಮತ್ತು ನಿದ್ದೆ. ನಾನು ಎರಡು ದಿನ ಯೋಚಿಸಿ ಉತ್ತರ ಕಂಡುಕೊಂಡೆ. ಮೂರನ್ನೇ ತೆಗೆದರೆ ಜನಕ್ಕೆ ಅನುಮಾನ ಬರುತ್ತದೆ, ಅದಕ್ಕೇ ನಿರಪರಾಧಿಯಾದ ನಾಲ್ಕನೆಯದನ್ನೂ ಜೊತೆಗೆ ಕಳಿಸಿದ್ದಾರೆ.

ಪಟ್ಟಿ ನಿಮಗೆ ಸಂತೆಯ ಚೀಟಿ ಅಂದೆಯಲ್ಲ. ಒಬ್ಬ ಕಂಡಕ್ಟರ್ ನಮಗೆ ಬರೆದಿದ್ದಾರೆ. ಹೆಂಡತಿಯನ್ನು ಕರೆದುಕೊಂಡು ಆರು ಗಂಟೆ ಪ್ರಯಾಣ ಮಾಡಿ ಬಂದರಂತೆ, ಜೈಲಿನ ಹಾಡಿಗಾಗಿ. ಆಕೆಯ ತಮ್ಮ ಒಳಗಿದ್ದಾನೆ. ನಿಮಗೆ ಅದು ನಾನೂರನೆಯ ಸಲ. ಆಕೆಗೆ ಅದು ಒಂದೇ ಸಲ, ಅದೂ ಸಿಗಲಿಲ್ಲ.

ನಿನ್ನ ಪತ್ರದಲ್ಲಿ ಮೇಷ್ಟ್ರಿದ್ದಾರೆ, ಡ್ರಮ್ಮಿನವರಿದ್ದಾರೆ, ಮೈಕಿನವನೂ ಇದ್ದಾನೆ. ನೀನು ಎಲ್ಲಿದ್ದೀಯ?

ತಂಗಿ


ಮಾರ್ಚ್ 2

ಪುಟ್ಟಿ,

ಹಾಡು ನಿಮ್ಮಪ್ಪನ ಆಸ್ತಿಯಲ್ಲ ಎಂದು ಬರೆಯಲು ಹೊರಟೆ. ನಮ್ಮಿಬ್ಬರಿಗೂ ಅಪ್ಪ ಒಬ್ಬನೇ ಎಂದು ನೆನಪಾಗಿ ಹೊಡೆದುಹಾಕಿದೆ.

ಟಿಕೆಟ್ ಕೊಂಡವರಿಗೆ ಹಾಡು ಕೇಳುವ ಹಕ್ಕಿದೆ, ಇಂಥದ್ದೇ ಹಾಡು ಎಂದು ಗಲ್ಲಾಪೆಟ್ಟಿಗೆ ಬಡಿಯುವ ಹಕ್ಕಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಜೋಗುಳಕ್ಕೂ ಪಿತೂರಿ ಹೊಲಿದಿದ್ದೀರಲ್ಲ, ನಿಮ್ಮ ಟೈಲರಣ್ಣನ ಕೈಗೆ ಶರಣು.

ಒಂದು ಪ್ರಶ್ನೆ, ನೇರವಾಗಿ ಉತ್ತರ ಕೊಡು. ಮಧ್ಯಾಹ್ನದ ವಿಷಯ ನಿನಗೆ ಹೇಳಿದ್ದು ನಿಜವಾಗಿ ವಾಚ್‌ಮನ್ನೇನಾ? ಆ ಹೊತ್ತಿನಲ್ಲಿ ಅಲ್ಲಿ ಇದ್ದದ್ದು ನಾನು ಮತ್ತು ಡ್ರಮ್ಮಿನವನು. ಅವನು ನಿನಗೆ ಬರೆಯುತ್ತಿದ್ದಾನಾ? ಹೌದೋ ಅಲ್ಲವೋ, ಅಷ್ಟು ಹೇಳಿದರೆ ಸಾಕು.

ಕರಪತ್ರ ಬೇಡ. ಅದು ಅಚ್ಚಾದರೆ ಈ ತಂಡದಲ್ಲಿ ಒಬ್ಬರ ಅನ್ನ ಹೋಗುತ್ತದೆ. ಕಂಪನಿಯವರದಲ್ಲ.

ಅಣ್ಣ


ಮಾರ್ಚ್ 9

ಅಣ್ಣ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುದ್ದಿ ಕೊಟ್ಟವರೆಂದು ನಾನು ಡ್ರಮ್ಮಿನವರ ಹೆಸರೆತ್ತಿರಲಿಲ್ಲ. ನೀನೇ ಎತ್ತಿದೆ. ಅವರು ನನಗೆ ಬರೆದರೆ ನಿನಗೇಕೆ ಭಯ? ಬರೆಯುವಂಥದ್ದು ಏನೋ ಇರಬೇಕು.

ನಮಗೆ ಸುದ್ದಿ ಕೊಟ್ಟವರ ಗುಟ್ಟನ್ನು ನಾವು ಬಿಟ್ಟುಕೊಡುವುದಿಲ್ಲ. ಇದು ಬಳಗದ ನಿಯಮ. ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ.

ಯಾರ ಅನ್ನ ಹೋಗುತ್ತದೆ ಎಂದು ಬರೆ, ಯೋಚಿಸುತ್ತೇನೆ. ಹೆಸರಿಲ್ಲದ ಅನ್ನಕ್ಕೆ ಹೆದರಿ ಸುಮ್ಮನಿದ್ದವರಿಂದಲೇ ಈ ಲೋಕ ಹೀಗಿರುವುದು. 20ಕ್ಕೆ ಇನ್ನು ಹನ್ನೊಂದು ದಿನ.

ತಂಗಿ


ಮಾರ್ಚ್ 14

ಪುಟ್ಟಿ,

ನನ್ನ ಅನ್ನ.

ನನ್ನ ಎಡಗೈಯ ಉಂಗುರದ ಬೆರಳು, ಕಿರುಬೆರಳು ನನ್ನ ಮಾತು ಕೇಳುತ್ತಿಲ್ಲ. ನೋವಿಲ್ಲ, ಬಾವಿಲ್ಲ. ಅಂಗಿಯ ಗುಂಡಿ ಹಾಕುತ್ತವೆ, ಕಿತ್ತಳೆ ಸುಲಿಯುತ್ತವೆ. ಬೇರೆ ಹಾಡುಗಳನ್ನು ಬಾರಿಸುತ್ತವೆ. ಆದರೆ ಗೇಟಿನ ಹಾಡಿನ ಶುರುವಿನಲ್ಲಿ ಸ್ವರಗಳ ಒಂದು ಓಟ ಇದೆಯಲ್ಲ, ಜನ ಕೇಳಿದ ಕೂಡಲೇ ಎದ್ದು ನಿಲ್ಲುವುದು, ಅದು ಬಂದೊಡನೆ ಎರಡೂ ಅಂಗೈಯೊಳಗೆ ಮಡಚಿಕೊಳ್ಳುತ್ತವೆ, ಹೊಡೆತಕ್ಕೆ ಹೆದರಿದ ನಾಯಿಯ ಬಾಲದ ಹಾಗೆ. ಆ ಓಟ ನಾನೇ ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಟ್ಟಿದ್ದು. ಇಷ್ಟಪಟ್ಟು ಅದನ್ನೇ ಇನ್ನೂ ಮೂರು ಹಾಡಿನಲ್ಲಿ ತಿರುಗಿಸಿ ಹಾಕಿದೆ. ಆ ನಾಲ್ಕು ಯಾವುವು ಎಂದು ನಿನಗೆ ಗೊತ್ತು. ಜೋಗುಳದಲ್ಲಿ ಓಟ ನಿಧಾನ. ನಿಧಾನವಾದರೆ ಇನ್ನೂ ಕಷ್ಟ.

ಮೊದಲನೇ ಡಾಕ್ಟರು ಮುಷ್ಟಿ ಕಟ್ಟಿಸಿ, ಬಿಚ್ಚಿಸಿ, "ಕೈ ಚೆನ್ನಾಗಿದೆಯಲ್ರೀ, ಸುಮ್ನೆ ಯಾಕೆ ಬಂದ್ರಿ?" ಅಂದರು. ಎರಡನೆಯವರು ಅರ್ಧ ಗಂಟೆ ಗಿಟಾರ್ ಬಾರಿಸಿ ತೋರಿಸಲು ಹೇಳಿದರು. ಬೆರಳಿಗೇನೂ ಆಗಿಲ್ಲವಂತೆ, ಬೆರಳಿಗೆ ಅಪ್ಪಣೆ ಕೊಡುವ ಕಡೆ ಗೋಜಲಾಗಿದೆಯಂತೆ. ಒಂದೇ ಕೆಲಸವನ್ನು ಹದಿನೈದು ವರ್ಷ ಮಾಡಿದವರಿಗೆ ಬರುತ್ತದಂತೆ. ಹೋಗುತ್ತದಾ ಎಂದು ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

ಡಿಸೆಂಬರ್ ಕೊನೆಯಲ್ಲಿ ಓಟವಿಲ್ಲದೆ ಒಂದೂರಿನಲ್ಲಿ ಹಾಡಿ ನೋಡಿದೆವು. ಹಿಂದಿನಿಂದ ಯಾರೋ "ಗಿಟಾರಿನವ್ರಿಗೆ ನಿದ್ದೆ ಬಂತಾ?" ಎಂದು ಕೂಗಿದರು. ನಿಮ್ಮ ಕರಪತ್ರ 'ಹಾಡನ್ನು ಕೊಂದರು' ಎಂದು ಬರೆಯಿತು. ಆ ಸಾಲು ನಿನ್ನದೇ ಅನಿಸುತ್ತದೆ. ಮಾರನೇ ದಿನ ಮೇಷ್ಟ್ರು ಪಟ್ಟಿಯಿಂದ ನಾಲ್ಕನ್ನೂ ತೆಗೆದರು. "ಹಾಡು ಬೇಕಾದಷ್ಟಿವೆ, ಕಟ್ಟಿದ್ರಾಯ್ತು. ನಿನ್ನನ್ನ ಎಲ್ಲಿಂದ ಕಟ್ಟಿ ತರ್ಲಿ?" ಅಂದರು. ವಿಷಯ ನಮ್ಮ ಮೂವರಲ್ಲೇ ಇರಬೇಕು ಎಂದಾಯಿತು. ಹೊರಗೆ ಗೊತ್ತಾದರೆ ನಾಳೆ ಯಾರೂ ನನ್ನನ್ನು ಕರೆಯುವುದಿಲ್ಲ. ಮಧ್ಯಾಹ್ನ ಹನ್ನೊಂದು ಸಲ ಶುರುಮಾಡಿ ನಿಲ್ಲಿಸುತ್ತಿದ್ದವನು ನಾನು.

ನಿನ್ನ ಪತ್ರ ನೋಡಿ ಡ್ರಮ್ಮಿನವನ ಮೇಲೆ ಹರಿಹಾಯ್ದೆ. "ನನ್ನ ತಂಗಿಗೆ ಚಾಡಿ ಹೇಳ್ತೀಯಾ?" ಎಂದೆ. ಅವನು ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದ. ಈಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರುತ್ತಾನೆ. ಅವನೇ ಹೇಳಿದ್ದೋ ಅಲ್ಲವೋ ನನಗೆ ಇನ್ನೂ ಗೊತ್ತಿಲ್ಲ.

ಜನ ಗಲಾಟೆ ಮಾಡಿದರೆ ಹಾಡು ಮರಳಿ ಬರಬೇಕಾಗುತ್ತದೆ. ಹಾಡು ಬಂದರೆ ನಾನು ಹೋಗಬೇಕಾಗುತ್ತದೆ. ನನಗೆ ಬೇರೆ ಕೆಲಸ ಬರುವುದಿಲ್ಲ ಪುಟ್ಟಿ. ಅಚ್ಚು ಹಾಕಬೇಡ. ಅಮ್ಮನಿಗೆ ಹೇಳಬೇಡ.

ಅಣ್ಣ


ಮಾರ್ಚ್ 19

ಅಣ್ಣ,

ನಿನ್ನ ಪತ್ರ ನಿನ್ನೆ ಬಂತು. ಮೂರು ಸಲ ಓದಿದೆ. ನಂಬಬೇಕೆಂದು ಓದಿದೆ. ಆಗಲಿಲ್ಲ.

ಜನವರಿಯಲ್ಲಿ ನೀನು ಎರಡು ದಿನ ಮನೆಗೆ ಬಂದಿದ್ದೆ. ಅಮ್ಮನ ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಕುಕ್ಕರಿನ ಹಿಡಿಯ ಚಿಕ್ಕ ಸ್ಕ್ರೂ ಬಿಚ್ಚಿ ಹಾಕಿದೆ. ಅವೇ ಬೆರಳು. ಎಲ್ಲದಕ್ಕೂ ಬರುವ ಬೆರಳು ಧಣಿಗೆ ಬೇಡವಾದ ಹಾಡಿಗೆ ಮಾತ್ರ ಬರುವುದಿಲ್ಲವೇ? ಅದೂ ಬ್ಯಾನರ್ ಬಂದ ತಿಂಗಳಿನಿಂದಲೇ? ಹೆಸರು ಹೇಳದೆ ಟೈಲರಣ್ಣನನ್ನು ಕೇಳಿದೆ. "ನಲ್ವತ್ತು ವರ್ಷ ಕತ್ತರಿ ಹಿಡ್ದಿದೀನಿ. ಬೆರಳು ಕೆಟ್ರೆ ಎಲ್ಲದಕ್ಕೂ ಕೆಡುತ್ತೆ ಕಣಮ್ಮ, ಒಂದು ಬಟ್ಟೆಗೆ ಮಾತ್ರ ಕೆಡಲ್ಲ," ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೊದಲು ಗಂಟಲು ಅಂದೆ, ಈಗ ಬೆರಳು. ಮುಂದಿನ ಪತ್ರದಲ್ಲಿ ಮಂಡಿಯೋ?

ಕಂಪನಿಯವರು ನಿನ್ನ ಕೈಯಲ್ಲಿ ಇದನ್ನು ಬರೆಸಿರಬಹುದು. ಅಥವಾ ಮೇಷ್ಟ್ರು. ತಂಗಿಯ ಕರುಳು ಮುಟ್ಟಿದರೆ ಕರಪತ್ರ ನಿಲ್ಲುತ್ತದೆ ಎಂದು ಯಾರೋ ಲೆಕ್ಕ ಹಾಕಿದ್ದಾರೆ. ಸತ್ಯಕ್ಕೆ ನಂಟಸ್ತಿಕೆ ಇಲ್ಲ.

ನಾಳೆ ಹನ್ನೊಂದು ಊರಿಗೆ ಹೋಗುತ್ತದೆ. ತಲೆಬರಹ: 'ನಮ್ಮ ನಾಲ್ಕು ಹಾಡು ಎಲ್ಲಿ?'

ತಂಗಿ


ಏಪ್ರಿಲ್ 13

ಅಣ್ಣ,

ಎಲ್ಲಿದ್ದೀಯ? ಇದನ್ನು ಮೇಷ್ಟ್ರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ನಿನ್ನೆ ನಾವು ಮೂವತ್ತು ಜನ ಮುಂದಿನ ಸಾಲಿನಲ್ಲಿ ಬೆನ್ನು ಹಾಕಿ ನಿಂತೆವು. ಜನ "ಗೇಟು, ಗೇಟು" ಎಂದು ಕೂಗತೊಡಗಿದರು. ಮೇಷ್ಟ್ರು ಮೈಕಿನಲ್ಲಿ ಅಂದದ್ದು ಇಷ್ಟೇ: "ಕೇಳ್ತಾ ಇದೀರಿ, ಹಾಡ್ತೀವಿ. ಕೇಳಿ." ಆಮೇಲೆ ಆ ಓಟ ಬಂತು. ನಾನು ಗೆದ್ದವಳ ಹಾಗೆ ತಿರುಗಿದೆ. ಗಿಟಾರ್ ಹಿಡಿದು ನಿಂತಿದ್ದವಳು ಯಾರೋ ಹೆಂಗಸು, ದಪ್ಪ ಜಡೆ, ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದಳು.

ನಾಲ್ಕನ್ನೂ ಹಾಡಿದರು. ಅದೇ ಬ್ಯಾನರಿನ ಕೆಳಗೆ. ಸಿಮೆಂಟ್ ಕಂಪನಿಯ ದೊಡ್ಡ ಅಧಿಕಾರಿ ಸೋಫಾದಲ್ಲಿ ಕೂತು ಗೇಟಿನ ಹಾಡಿಗೆ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಅವನಿಗೆ ಆ ಹಾಡಿನಿಂದ ಏನೂ ಆಗಲಿಲ್ಲ. ಯಾವತ್ತೂ ಆಗಿರಲಿಲ್ಲ ಅನಿಸುತ್ತದೆ.

ಹಿಂಬಾಗಿಲಲ್ಲಿ ಡ್ರಮ್ಮಿನವರು ಸಿಕ್ಕರು. "ಗೆದ್ರಲ್ಲ ಲಾಯರಮ್ಮ," ಅಂದರು. ನಿನ್ನನ್ನು ಕೇಳಿದೆ. "ಸಭೆಯಲ್ಲೇ ಇದ್ದ. ಟಿಕೆಟ್ ತಗೊಂಡು ಹತ್ತನೇ ಸಾಲಲ್ಲಿ ಕೂತಿದ್ದ. ನೀವು ಅವನ ಕಡೆನೇ ಮುಖ ಮಾಡ್ಕೊಂಡು ನಿಂತಿದ್ರಲ್ಲಮ್ಮ, ಕಾಣ್ಲಿಲ್ವಾ?"

ನನಗೆ ಕಾಣಲಿಲ್ಲ. ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅವರು ನನಗೆ ಒಂದು ಸಾಲನ್ನೂ ಬರೆದಿರಲಿಲ್ಲ ಅಣ್ಣ. ತಂಡದೊಳಗಿನ ಯಾರೂ ಬರೆದಿರಲಿಲ್ಲ. ಅದು ನಿಜವಾಗಿ ವಾಚ್‌ಮನ್ನೇ. 'ಅಲ್ಲ' ಎಂಬ ಒಂದು ಪದ ಬರೆದಿದ್ದರೆ ಸಾಕಿತ್ತು. ನೀನು ಹೆದರಿದರೆ ಇನ್ನಷ್ಟು ಬಾಯಿ ಬಿಡುತ್ತೀಯ ಎಂದು ಬರೆಯಲಿಲ್ಲ. ಇದನ್ನು ಅವರಿಗೂ ಹೇಳಿದೆ. "ಅವನಿಗೆ ಹೇಳಿ, ನಂಗಲ್ಲ," ಅಂದರು.

ತಂಗಿ


ಏಪ್ರಿಲ್ 27

ಪುಟ್ಟಿ,

ಮೇಷ್ಟ್ರು ಪತ್ರ ತಲುಪಿಸಿದರು. ನಾನು ಬಂದರಿನ ಊರಿನಲ್ಲಿದ್ದೇನೆ, ವಾದ್ಯ ರಿಪೇರಿ ಅಂಗಡಿಯೊಂದರಲ್ಲಿ. ಬೇರೆಯವರ ಗಿಟಾರಿಗೆ ತಂತಿ ಹಾಕಿ, ಶ್ರುತಿ ಮಾಡಿ ಕೊಡುವುದು. ಅಂಗಡಿಯೊಡತಿ ಕಿವಿ ಚುರುಕಿನ ಮುದುಕಿ. ನಾಲ್ಕು ಸ್ವರಕ್ಕಿಂತ ಹೆಚ್ಚು ಬಾರಿಸಿದರೆ "ಏನಪ್ಪಾ, ಬಿಗಿಯೋಕೆ ಬಂದಿದ್ಯೋ ಬಾರಿಸೋಕೋ?" ಅನ್ನುತ್ತಾಳೆ.

ಕರಪತ್ರ ಬಂದ ಮೇಲೆ ಮೂರು ಊರಿನಲ್ಲಿ ಗಲಾಟೆಯಾಯಿತು. ಗಣಿಯ ಊರಿನಲ್ಲಿ ಮೇಷ್ಟ್ರ ಮೇಲೆ ಕಾಗದದ ಉಂಡೆ ಎಸೆದರು. ಅವರು ನಿಜ ಹೇಳಿಬಿಡಲು ಮೈಕಿನ ಹತ್ತಿರ ಹೋಗಿದ್ದರು, ನಾನೇ ತಡೆದೆ. ಮಾರನೇ ದಿನ ನಾನೇ ಬಿಟ್ಟೆ. ಜಡೆಯವಳನ್ನು ಹುಡುಕಿ ಕೊಟ್ಟವನೂ ನಾನೇ. ಹತ್ತು ದಿನ ಕೂತು ಆ ಓಟವನ್ನು ಅವಳಿಗೆ ಬಾಯಲ್ಲಿ ಹಾಡಿ ಕಲಿಸಿದೆ.

ಹತ್ತನೇ ಸಾಲಿನಲ್ಲಿ ಕೂತು ಕೇಳಿದೆ. ಹನ್ನೊಂದು ವರ್ಷ ನಾನು ಆ ಹಾಡಿನ ಬೆನ್ನು ಮಾತ್ರ ನೋಡಿದ್ದೆ. ಅದಕ್ಕೆ ಮುಖ ಇದೆ ಎಂದು ಗೊತ್ತಿರಲಿಲ್ಲ. ಪಕ್ಕದಲ್ಲಿದ್ದವನು ಗುರುತು ಪರಿಚಯ ಇಲ್ಲದವನು, ಓಟ ಬಂದೊಡನೆ ನನ್ನ ಮೊಣಕೈ ಹಿಡಿದುಕೊಂಡ, ಮುಗಿಯುವವರೆಗೆ ಬಿಡಲಿಲ್ಲ. ನಾನೂ ಕೂಗಿದೆ. "ಇನ್ನೊಂದ್ಸಲ" ಎಂದು ಕೂಗಿದೆ. ಅವರು ಮತ್ತೆ ಹಾಡಲಿಲ್ಲ, ಮುಂದಿನ ಹಾಡಿಗೆ ಹೋದರು. ಎಷ್ಟು ಕೋಪ ಬಂತು ಗೊತ್ತಾ? ಪಟ್ಟಿ ಬರೆದವನ ಕೈ ಮುರಿಯಬೇಕು ಅನಿಸಿತು.

ನೀನು ತಿರುಗಿದಾಗ ನಿನ್ನ ಮುಖ ಕಾಣದೆ ಹೋಯಿತು. ಕೇಳುವಾಗ ನೀನು ಹೇಗಿರುತ್ತೀಯ ಎಂದು ನೋಡುವ ಆಸೆ ಇತ್ತು.

ಡ್ರಮ್ಮಿನವನಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ. ನೀನು ತಿದ್ದುಪಡಿ ಗಿದ್ದುಪಡಿ ಅಂತ ಅಚ್ಚು ಹಾಕಬೇಡ. ಜನ ಗೆದ್ದೆವು ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ನನ್ನ ಬೆರಳು ಕರಪತ್ರದ ಸರಕಲ್ಲ.

ನಿನ್ನ ಮೇಲೆ ನನಗೆ ಕೋಪವಿಲ್ಲ.

ಅಣ್ಣ


ಮೇ 3

ಅಣ್ಣ,

ತಿದ್ದುಪಡಿಯನ್ನು ಬರೆದು ಟೈಲರಣ್ಣನಿಗೆ ಕೊಟ್ಟಿದ್ದೆ. "ಹಾಡು ವಾಪಸ್ ಬಂತಲ್ಲಮ್ಮ, ಇನ್ನೇನು ಬೇಕು?" ಎಂದು ಬದಿಗಿಟ್ಟಿದ್ದರು. ನಿನ್ನ ಪತ್ರ ಬಂದ ದಿನ ಹೋಗಿ ವಾಪಸ್ ತಂದು ಹರಿದೆ. ಆಗಲೇ ಬಳಗವನ್ನೂ ಬಿಟ್ಟು ಬಂದೆ.

ನಿನ್ನ ಪತ್ರದ ಕೊನೆಯ ಸಾಲನ್ನು ಆರು ಸಲ ಓದಿದೆ. ಕೋಪವಿಲ್ಲ ಎಂದು ಬರೆದಿದ್ದೀಯ. ನಂಬಬೇಕೆಂದು ಓದಿದೆ. ಆಗುತ್ತಿಲ್ಲ. ಗಂಟಲು ಎಂದು ನೀನು ಸುಳ್ಳು ಹೇಳಿದೆ, ನಿನ್ನನ್ನು ಉಳಿಸಿಕೊಳ್ಳಲು. ಈಗ ಕೋಪವಿಲ್ಲ ಅನ್ನುತ್ತಿದ್ದೀಯ, ನನ್ನನ್ನು ಉಳಿಸಲು. ನಿಜ ಹೇಳಿದ ಒಂದೇ ಒಂದು ಸಲ ನಾನು ನಿನ್ನನ್ನು ನಂಬಲಿಲ್ಲ.

ನನ್ನನ್ನು ಬೈದು ಒಂದು ಪತ್ರ ಬರೆ ಅಣ್ಣ. ಏನು ಬೇಕಾದರೂ ಬೈ. ಅದನ್ನು ಅಕ್ಷರ ಅಕ್ಷರವೂ ನಂಬುತ್ತೇನೆ.

ಪುಟ್ಟಿ